ಆರಡಿ ನಾಲ್ಕಡಿ ಬಚ್ಚಲು, ಒಂದೂವರೆ ಲಕ್ಷ

ಡಿಸೆಂಬರಿನ ಒಂದು ಭಾನುವಾರ ಕೆಳಗಿನ ಮನೆಯ ಕಾಕು ಬಾಗಿಲು ತಟ್ಟಿದರು. "ವಹಿನೀ, ಪಾಣಿ ಗಳತಯ್." ಅತ್ತಿಗೆ, ನೀರು ಸೋರುತ್ತಿದೆ, ಅಷ್ಟೇ ಹೇಳಿದ್ದು. ಹೋಗಿ ನೋಡಿದರೆ ಅವರ ಬಚ್ಚಲಿನ ಛಾವಣಿಯಲ್ಲಿ ಅಕ್ಕಿರೊಟ್ಟಿಯಷ್ಟು ಅಗಲದ ಕಂದು ಕಲೆ. ನಡುವೆ ಒಂದು ಹನಿ, ಬೀಳಲೋ ಬೇಡವೋ ಅಂತ ನೇತಾಡುತ್ತಿತ್ತು. ಜುಲೈ ಆಗಿದ್ದರೆ ಮಳೆಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಮುಂಬಯಿ ಹತ್ತಿರದ ಈ ಡೊಂಬಿವಲಿಯಲ್ಲಿ ಡಿಸೆಂಬರಿಗೆ ಎಲ್ಲಿಯ ಮಳೆ?

ಸೊಸೈಟಿ ಆಫೀಸಿನಲ್ಲಿ ವಾದಿಸಲೂ ಜಾಗವಿರಲಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲೇ ಇದೆ, ಟಾಯ್ಲೆಟ್, ಸಿಂಕ್ ಇಂಥ ಒಳಗಿನ ಸೋರಿಕೆಯ ಖರ್ಚು ಆಯಾ ಫ್ಲ್ಯಾಟಿನವರದ್ದು. ಸರಿ, ಹೇಗೂ ಒಡೆಯಬೇಕು, ಬಚ್ಚಲನ್ನೇ ಹೊಸದು ಮಾಡಿಬಿಡೋಣ ಅಂದುಕೊಂಡೆವು. (ಇಲ್ಲಿಯವರು ಬಚ್ಚಲಿಗೆ ಮೋರಿ ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯವರು "ಮೋರಿಯಲ್ಲಿ ಕೈಕಾಲು ತೊಳ್ಕೊಳ್ಳಿ" ಅಂದಾಗ ನಾನು ಬೀದಿ ಕಡೆ ನೋಡಿದ್ದೆ.)

ಇವರು ಹಳೆಯ ಡೈರಿ ತೆಗೆದು ಬಜೆಟ್ ಬರೆದರು. ಮೊದಲ ಸಾಲು: ಟೈಲ್ಸ್. ಎರಡನೆಯದು: ನಲ್ಲಿ, ಶವರ್. ಕೊನೆಯಲ್ಲಿ "ಇತರೆ" ಅಂತ ಹತ್ತು ಸಾವಿರ. ಒಟ್ಟು 95,000. ಆಮೇಲೆ ಮೂರು ಭಾನುವಾರ ಕಲ್ಯಾಣ್-ಶಿಳ್ ರೋಡಿನ ಅಂಗಡಿ ಅಂಗಡಿ ಸುತ್ತಿ, ಗುಜರಾತಿನ ಮೋರ್ಬಿಯಿಂದ ಬಂದ ಟೈಲುಗಳಲ್ಲಿ ಬಿಳಿ ಬೇಕೋ ತಿಳಿಬೂದು ಬೇಕೋ ಅಂತ ಜಗಳವಾಡಿದೆವು. ಕೊನೆಗೆ ಟೈಲಿಗೆ ಹೋದದ್ದು ಟೆಂಪೋ ಸೇರಿ 10,600. ಪೈಪು, ಪ್ಲಂಬರಿಗೆ 28,000. ವಾಟರ್‌ಪ್ರೂಫಿಂಗಿಗೆ 22,000. ಇವೆರಡಕ್ಕೆ ನಾವು ಮೂರು ನಿಮಿಷವೂ ಯೋಚಿಸಿರಲಿಲ್ಲ. ಅವು "ಇತರೆ"ಯಲ್ಲಿ ಇದ್ದವು!

ಟೈಲಿನ ಲೆಕ್ಕ ಮಾತ್ರ ಸರಿಯಾಗಿ ಮಾಡಿದ್ದೆ, ಹೇಳಿಬಿಡುತ್ತೇನೆ. ನಮ್ಮದು 6 ಅಡಿ, 4 ಅಡಿ. ನಾಲ್ಕೂ ಗೋಡೆ ಸೇರಿ 20 ಅಡಿ ಸುತ್ತಳತೆ, 7 ಅಡಿ ಎತ್ತರ, 140 ಚದರಡಿ. ಬಾಗಿಲಿನದು ಕಳೆದರೆ 122. ತುಂಡು ಮಾಡುವಾಗ ಹಾಳಾಗುವುದಕ್ಕೆ ಹತ್ತು ಪರ್ಸೆಂಟ್ ಸೇರಿಸಿ 135. 300×600 ಮಿಲಿಮೀಟರಿನ ಟೈಲನ್ನು ಅಂಗಡಿಯವರು ಒಂದು ಅಡಿ, ಎರಡು ಅಡಿ ಅಂತಲೇ ಹೇಳುತ್ತಾರೆ, ಆದರೆ ಅದು ಎರಡು ಚದರಡಿಗೆ ಸ್ವಲ್ಪ ಕಮ್ಮಿ. 70 ಟೈಲ್ ಬೇಕು. ಬಾಕ್ಸಿಗೆ 5, ಹಾಗಾಗಿ 14 ಬಾಕ್ಸ್. ಒಂದು ಬಾಕ್ಸ್ ಜಾಸ್ತಿಯೇ ತಂದೆ. ಅದೇ ಡಿಸೈನು ಬೇರೆ ಬ್ಯಾಚಿನಲ್ಲಿ ಬಂದರೆ ಬಣ್ಣ ಕೂಡುವುದಿಲ್ಲ.

ಜನವರಿಯಲ್ಲಿ ಒಡೆಯಲು ಶುರು. ನೆಲ ಅಗೆದ ದಿನ ಕಾರಣ ಕಾಣಿಸಿತು. ಕಟ್ಟಡ 1994ರದ್ದು, ಸತು ಲೇಪಿಸಿದ ಕಬ್ಬಿಣದ ಜಿಐ ಪೈಪು. ಪ್ಲಂಬರ್ ಒಂದು ತುಂಡು ಕೈಗೆ ಕೊಟ್ಟ. ಹಿಡಿದರೆ ಹಪ್ಪಳದ ಹಾಗೆ ಪುಡಿಯಾಯಿತು. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಜಾಯಿಂಟೂ ಬಿಟ್ಟಿತ್ತು. ಮುಂಬಯಿಯ ಎಷ್ಟೋ ಪ್ಲಂಬರುಗಳ ಹಾಗೆ ಇವನೂ ಒಡಿಶಾದ ಕೇಂದ್ರಪಾಡಾ ಕಡೆಯವನು, ಮಾತು ಕಮ್ಮಿ. "ಸಬ್ ನಿಕಾಲನಾ ಪಡೇಗಾ" ಅಂದ, ಎಲ್ಲ ತೆಗೆಯಬೇಕು ಅಂತ. ಆ ಒಂದು ವಾಕ್ಯಕ್ಕೆ ನಮ್ಮ 95,000 ಮುಗಿಯಿತು.

ಒಡೆದದ್ದನ್ನು ಸಾಗಿಸುವುದಕ್ಕೂ ದುಡ್ಡು ಅಂತ ನನಗೆ ಹೊಳೆದಿರಲೇ ಇಲ್ಲ. 24 ಚದರಡಿಯ ಬಚ್ಚಲಿನಿಂದ 72 ಗೋಣಿ ಹೊರಟಿತು! ಲಿಫ್ಟಿನಲ್ಲಿ ಒಯ್ಯುವಂತಿಲ್ಲ, ಮೂರನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿಸಬೇಕು, ಗೋಣಿಗೆ 40 ರೂಪಾಯಿ. ಟೆಂಪೋ ಬೇರೆ. ಒಡೆಯುವುದು, ಹೊರುವುದು ಸೇರಿ 14,000. ಮಧ್ಯಾಹ್ನ ಎರಡರಿಂದ ನಾಲ್ಕು ಸುತ್ತಿಗೆ ಸದ್ದು ಮಾಡಬಾರದು, ಭಾನುವಾರ ಕೆಲಸ ಇಲ್ಲ. ಮೇಸ್ತ್ರಿ ಹತ್ತು ದಿನ ಅಂದಿದ್ದು ಹತ್ತೊಂಬತ್ತಾಯಿತು. ಅಷ್ಟೂ ದಿನ ಸ್ನಾನಕ್ಕೆ ಮೇಲಿನ ಮನೆಯ ಅಂಕೋಲದವರ ಬಚ್ಚಲು. ನಮ್ಮ ಸಂಡಾಸು ಬೇರೆ ಕೋಣೆಯಲ್ಲಿತ್ತು, ಅದನ್ನು ಮುಟ್ಟದೇ ಇದ್ದದ್ದೇ ಪುಣ್ಯ.

ಈಗ ನೀರು ನಿಲ್ಲಿಸಿದ ಕಥೆ. ಇಟ್ಟಿಗೆ ಚೂರು, ಸಿಮೆಂಟಿನ ಕೋಬಾ ಹಾಕಿ, ಅದರ ಮೇಲೆ ಕೋಟಿಂಗ್ ಬಳಿದು ಒಣಗಿದ ಮೇಲೆ, ಟ್ರ್ಯಾಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಬೇಕು. ಕನಿಷ್ಠ 24 ಗಂಟೆ, ನಾನು 48 ಅಂದೆ. ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮರುದಿನ ನೀರು ಗೆರೆಯಿಂದ ಒಂದು ಬೆರಳು ಕೆಳಗೆ. ಮೇಸ್ತ್ರಿ "ಸೂಖ್ ಗಯಾ ಹೋಗಾ", ಆರಿಹೋಗಿರಬೇಕು ಅಂತ ಟೈಲ್ ಹಚ್ಚಲು ಹೊರಟ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕುಂದಾಪುರದಲ್ಲಿ ಅರ್ಧ ಆಯುಷ್ಯ ಗದ್ದೆ ಮಾಡಿಸಿದವರು. "ಅಂಚಲ್ಲಿ ಏಡಿ ಮಾಟೆ (ಬಿಲ) ಇದ್ರೆ ಗದ್ದೆ ನೀರು ಹೀಗೇ ಇಳಿಯುತ್ತೆ. ಆರಿದ್ದಾದ್ರೆ ಬಕೆಟಿನದ್ದೂ ಆರಬೇಕಲ್ಲ?" ಅಂದರು. ಮತ್ತೆ ನೀರು ತುಂಬಿಸಿ, ಅದೇ ನೀರಲ್ಲಿ ಒಂದು ಬಕೆಟ್ ತುಂಬಿ ಪಕ್ಕದಲ್ಲಿಟ್ಟೆವು. ಅದಕ್ಕೂ ಒಂದು ಗೆರೆ. ಮಾರನೇ ಬೆಳಿಗ್ಗೆ ಬಕೆಟಿನ ನೀರು ಗೆರೆ ಬಿಟ್ಟು ಕದಲಿರಲಿಲ್ಲ, ನೆಲದ್ದು ಮತ್ತೆ ಒಂದು ಬೆರಳು ಇಳಿದಿತ್ತು. ಪೈಪು ಗೋಡೆಯೊಳಗೆ ಹೋಗುವ ಮೂಲೆಯಲ್ಲಿ ಕೋಟಿಂಗ್ ಕೂತಿರಲಿಲ್ಲ. ಮೇಸ್ತ್ರಿ ಮಾತಾಡದೆ ಕೆರೆದು ಮತ್ತೆ ಬಳಿದ. ಮೂರನೆಯ ಸಲ ಗೆರೆ ಗೆರೆಯಲ್ಲೇ ಇತ್ತು. ಕಾಕು ತಾವಾಗಿಯೇ ಟಾರ್ಚ್ ಹಿಡಿದು ಛಾವಣಿ ನೋಡಿ, ಮೇಲೆ ಬಂದು ಚಹಾ ಕುಡಿದು ಹೋದರು.

ನಮಗೆ ಇದೆಲ್ಲ ಮಾಡಿಸುವ ಧೈರ್ಯ ಬಂದದ್ದು ದುಡ್ಡು ಕೈಯಲ್ಲಿದ್ದದ್ದಕ್ಕೆ. ಕೊಟೇಶನ್ ತೆಗೆದುಕೊಳ್ಳುವಾಗಲೇ ನೀರಿನ ಪರೀಕ್ಷೆ ಪಾಸಾದ ಮೇಲೆ ಮೂರನೇ ಕಂತು ಅಂತ ಬರೆಸಿದ್ದೆವು. ಇಲ್ಲದಿದ್ದರೆ ಬಕೆಟ್ಟಿನ ಮಾತು ಯಾರು ಕೇಳುತ್ತಿದ್ದರು?

ಅತ್ತೆಗೆ ಮಂಡಿನೋವು. ಹಿಡಿಕೆ ಎಷ್ಟು ಎತ್ತರಕ್ಕೆ ಬೇಕು ಅಂತ ಮೇಸ್ತ್ರಿ ಟೇಪ್ ಹಿಡಿದು ಅಳೆಯಹೊರಟ. ನಾನು ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಏಳಿ ಅಂದೆ. ಕೈ ಗೋಡೆಯಲ್ಲಿ ಎಲ್ಲಿ ಹುಡುಕಿತೋ ಅಲ್ಲಿ ಗುರುತು ಹಾಕಿದೆವು. ಟೈಲ್ ಮುಚ್ಚುವ ಮೊದಲು ಪೈಪುಗಳ ಫೋಟೋ ತೆಗೆದಿಟ್ಟಿದ್ದೆ, ಪಕ್ಕದಲ್ಲಿ ಟೇಪ್ ಹಿಡಿದು. ಹಿಡಿಕೆಗೆ ಡ್ರಿಲ್ ಹಾಕುವಾಗ ಅದು ಕೆಲಸಕ್ಕೆ ಬಂತು. ಗುರುತಿನ ಎರಡು ಇಂಚು ಪಕ್ಕದಲ್ಲೇ ಬಿಸಿನೀರಿನ ಪೈಪಿತ್ತು.

ಇಳಿಜಾರು ನೋಡಲು ಮಗನ ಗೋಲಿ ಬಿಟ್ಟೆವು. ಬಾಗಿಲಿಂದ ಹೊರಟದ್ದು ಜಾಲರಿಯ ಹತ್ತಿರ ಹೋಗಿ ನಿಂತಿತು. ಆರಡಿಗೆ ಮುಕ್ಕಾಲು ಇಂಚು ಸಾಕು.

ಒಟ್ಟು 1,49,300. ಕಾಕು ಮನೆಯ ಛಾವಣಿಗೆ ಬಣ್ಣ ಹೊಡೆಸಿದ 4,500 ಇದರಲ್ಲೇ ಸೇರಿದೆ. ಸೊಸೈಟಿಯ ಡಿಪಾಸಿಟ್ 10,000 ಸೇರಿಸಿಲ್ಲ, ಅದು ವಾಪಸ್ ಬರುವ ದುಡ್ಡು. ಬಂದ ಮೇಲೆ ನೋಡೋಣ. ಉಳಿದ ಆರು ಟೈಲ್ ಮಂಚದ ಕೆಳಗಿವೆ, ಇವರು ಕೇಳಿದವರಿಗೆಲ್ಲ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ನಾನು ಕೊಡುವುದಿಲ್ಲ.