ಹಳೇ ಜಿಪ್ಸಿ ಕೆಲಸ: ಕಿಂಗ್‌ಪಿನ್ ಮುಗಿಯಿತು, ತುಕ್ಕು ಬಾಕಿ ಇದೆ

ಮಾರ್ಚ್ ಕೊನೆ

ಗಾಡಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. 1998ರ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಇರುವುದು, ಟಾರ್ಪಾಲಿನ್ ಹುಡ್ಡು. ಮಾರುತಿ 1985ರಲ್ಲಿ ಜಿಪ್ಸಿ ತಂದಾಗ ಅದರಲ್ಲಿದ್ದದ್ದು 970 ಸಿಸಿ ಎಂಜಿನ್. 1996ರಲ್ಲಿ 1298 ಸಿಸಿಯ ಕಿಂಗ್ ಬಂತು, 2000ದಲ್ಲಿ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಆಯಿತು. ನನ್ನದು ಈ ನಡುವಿನದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಮನೆ ಅಂಗಳದಲ್ಲೇ ಬಿಚ್ಚಿ ಜೋಡಿಸಬಹುದು. ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಗೊಬ್ಬರ ಮೂಟೆ, ಆಳುಗಳು, ಪೈಪು ಎಲ್ಲ ಹೊತ್ತು ದುಡಿದ ಗಾಡಿ. ಎಂಜಿನ್ ಗಟ್ಟಿಯಾಗಿದೆ. ಸಮಸ್ಯೆ ಇರುವುದೆಲ್ಲ ಅದರ ಕೆಳಗೆ.

ಮುಖ್ಯ ದೂರು ಸ್ಟೀರಿಂಗ್ ನಡುಕ. 50-60ರಲ್ಲಿ ಹೋಗುವಾಗ ಒಂದು ಸಣ್ಣ ಗುಂಡಿ ಸಿಕ್ಕಿದರೆ ಸಾಕು, ಇಡೀ ಮುಂಭಾಗ ಮೈಮೇಲೆ ದೆವ್ವ ಬಂದ ಹಾಗೆ ಕುಣಿಯೋಕೆ ಶುರು, ಗಾಡಿ ಹತ್ತಿರ ಹತ್ತಿರ ನಿಲ್ಲುವವರೆಗೂ ಬಿಡುವುದಿಲ್ಲ. ಹಳೇ ಜಿಪ್ಸಿ, ಹಳೇ ಜೀಪು ಓಡಿಸಿದವರಿಗೆಲ್ಲ ಇದು ಗೊತ್ತು. ತೋರಿಸಿದ ಗ್ಯಾರೇಜಿನಲ್ಲಿ ಚಕ್ರ ಮುಟ್ಟಿಯೂ ನೋಡದೆ, "ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿ ಸಾರ್, ಎಲ್ರೂ ಅದನ್ನೇ ಹಾಕ್ಸೋದು" ಅಂದರು. ಡ್ಯಾಂಪರ್ ಅಂದರೆ ಸ್ಟೀರಿಂಗಿನ ಅಲುಗಾಟ ತಡೆಯುವ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ಹಿಂದಿನ ಮಾಲೀಕರು ಅದನ್ನೇ ಮಾಡಿದ್ದಾರೆ. ಆ ಡ್ಯಾಂಪರ್ ಈಗ ಎಣ್ಣೆ ಬಿಟ್ಟು ಸುಮ್ನೆ ನೇತಾಡುತ್ತಿದೆ, ನಡುಕ ವಾಪಸ್ ಬಂದಿದೆ. ನನ್ನ ಪ್ರಕಾರ ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ ಅಷ್ಟೆ. ಎಲ್ಲೋ ಒಂದು ಕಡೆ ಆಟ, ಅಂದರೆ ಸಡಿಲ ಇದ್ದರೇ ಇದು ಬರುವುದು, ಆ ಜಾಗ ಹುಡುಕಬೇಕು.

ಹುಡುಕುವುದು ಕಷ್ಟವೇನಲ್ಲ. ಮುಂದಿನ ಆಕ್ಸಲ್ ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ನಮ್ಮ ಕಡೆ ಸಿಲ್ವರ್ ಓಕ್ ತುಂಡು ಇಟ್ಟು ಕೆಳಗೆ ನುಗ್ಗುವವರು ಬಹಳ. ಆ ಮರ ಸೀಳುತ್ತದೆ, ದಯವಿಟ್ಟು ಕಬ್ಬಿಣದ ಸ್ಟ್ಯಾಂಡೇ ಇಡಿ. ಆಮೇಲೆ ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಬೇಕು. ಆಟ ಇದ್ದರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್, ಅಂದರೆ ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್. ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸರಳುಗಳಾದ ಟೈರಾಡಿನ ತುದಿ (ಟೈರಾಡ್ ಎಂಡ್), ಡ್ರ್ಯಾಗ್ ಲಿಂಕ್ ಕಡೆ ನೋಡಬೇಕು. ನನ್ನ ಮಗಳನ್ನು ಬ್ರೇಕ್ ಒತ್ತಲು ಕೂರಿಸಿದೆ. "ಅಪ್ಪಾ, ಇನ್ನೂ ಎಷ್ಟೊತ್ತು" ಅನ್ನುವಷ್ಟರಲ್ಲಿ ಗೊತ್ತಾಯಿತು: ಎರಡೂ ಕಡೆ ಕಿಂಗ್‌ಪಿನ್ ಹೋಗಿದೆ, ಎಡಗಡೆ ಜಾಸ್ತಿ. ಎಡಗಡೆಯ ಟೈರಾಡ್ ಎಂಡ್ ಕೂಡ ಸಡಿಲ.

ಎರಡು ಟೈರಿನ ಒಳಮೈಯಲ್ಲೂ ಕಪ್ಪು ಗಂಜಿ ಸಿಡಿದಿತ್ತು. ಅದು ಇನ್ನೊಂದು ಕಥೆ, ಬಿಚ್ಚಿದ ಮೇಲೆ ಹೇಳುತ್ತೇನೆ.

ಏಪ್ರಿಲ್

ಸಾಮಾನು ತರೋಕೆ ಬೆಂಗಳೂರಿಗೆ ಹೋಗುವ ಕೆಲಸ ಹೇಗೂ ಇತ್ತು, ಜೆ.ಸಿ. ರಸ್ತೆಯಲ್ಲಿ ಎಲ್ಲ ಸಿಕ್ಕಿತು. ಸಾರ್ವಜನಿಕರಿಗೆ ಜಿಪ್ಸಿ ಮಾರಾಟ 2019ರಲ್ಲಿ ನಿಂತಿದ್ದರೂ ಸೇನೆಯಲ್ಲಿ, ಅರಣ್ಯ ಇಲಾಖೆಯಲ್ಲಿ ಇನ್ನೂ ಓಡುತ್ತಿರುವುದರಿಂದ ಓಡುವ ಭಾಗಗಳಿಗೆ ಬರವಿಲ್ಲ. ಕಿಂಗ್‌ಪಿನ್ ಬೇರಿಂಗ್ ಒಂದು ಕಡೆಗೆ ಎರಡು, ಅಂದರೆ ಒಟ್ಟು ನಾಲ್ಕು. ನಕಲ್ (ಚಕ್ರದ ಜೊತೆ ಎಡಬಲ ತಿರುಗುವ ಗೆಣ್ಣು) ಸೀಲ್ ಕಿಟ್ ಎರಡು, ಆಕ್ಸಲ್ ಒಳಗಿನ ಆಯಿಲ್ ಸೀಲ್ ಎರಡು, ಟೈರಾಡ್ ಎಂಡ್, ಗ್ರೀಸು. ಬೇರಿಂಗ್ ಮಾತ್ರ ಹೆಸರಿರುವ ಕಂಪನಿಯದೇ ತಗೊಳ್ಳಿ. ಹೊಸ ಡ್ಯಾಂಪರ್‌ಗೆ ಎಷ್ಟು ಹೇಳಿದ್ದರೋ ಹೆಚ್ಚು ಕಡಿಮೆ ಅಷ್ಟರಲ್ಲೇ ಇದೆಲ್ಲ ಬಂತು.

ಬಿಚ್ಚುವ ಕ್ರಮ ಹೀಗೆ. ಚಕ್ರದ ನಡುವಿನ ಫ್ರೀವೀಲ್ ಹಬ್ (ಫೋರ್‌ವೀಲ್ ಬೇಡದಾಗ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಭಾಗ) ತೆಗೆದು ಆಕ್ಸಲ್ ತುದಿಯ ಸರ್ಕ್ಲಿಪ್ (ಹಿಡಿದಿಡುವ ಉಂಗುರ) ತೆಗೆಯಬೇಕು. ಬ್ರೇಕ್ ಭಾಗ ಬಿಚ್ಚಿ ತಂತಿಯಲ್ಲಿ ಲೀಫ್ ಸ್ಪ್ರಿಂಗಿಗೆ ಕಟ್ಟಿ, ಹೋಸ್ ಮೇಲೆ ಭಾರ ಬೀಳಬಾರದು. ಹಬ್ ನಟ್, ಹಬ್, ಸ್ಪಿಂಡಲ್, ಆಮೇಲೆ ಆಕ್ಸಲ್ ಶಾಫ್ಟ್ ಜಾಯಿಂಟ್ ಸಮೇತ ಹೊರಗೆ ಬರುತ್ತದೆ. ಹಬ್ ನಟ್‌ಗೆ ಸರಿಯಾದ ಸಾಕೆಟ್ ತರಿಸಿಕೊಳ್ಳಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವುದು ಎಲ್ಲ ಕಡೆ ರೂಢಿ, ನನ್ನ ಗಾಡಿಯ ನಟ್ ಮೇಲೂ ಹಿಂದಿನವರ ಉಳಿ ಗುರುತು ತುಂಬಿದೆ.

ಈಗ ಆ ಕಪ್ಪು ಗಂಜಿ. ಜಿಪ್ಸಿಯ ಮುಂದಿನ ಆಕ್ಸಲ್ ತುದಿಯಲ್ಲಿ ದೊಡ್ಡ ಕಬ್ಬಿಣದ ಗುಂಡು ಇದೆ, ಅದರ ಸುತ್ತ ನಕಲ್ ತಿರುಗುತ್ತದೆ. ಒಳಗೆ ಜಾಯಿಂಟ್ ಇರುವುದು ಗ್ರೀಸಿನಲ್ಲಿ. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಗುಡ್ಡೆ) ಆಯಿಲ್ ಇತ್ತ ಬರದ ಹಾಗೆ ಒಳಗೊಂದು ಸೀಲ್ ಇದೆ. ಅದು ಹೋದರೆ ಗೇರ್ ಆಯಿಲ್ ಬಂದು ಗ್ರೀಸ್ ಜೊತೆ ಕಲಸಿ ತೆಳ್ಳಗಾಗುತ್ತದೆ, ಹೊರಗಿನ ಸೀಲ್ ದಾಟಿ ಟೈರಿಗೆ ಸಿಡಿಯುತ್ತದೆ. ಎಷ್ಟೋ ಜನ ಹೊರಗಿನ ಸೀಲ್ ಮಾತ್ರ ಬದಲಾಯಿಸಿ ಒಂದು ಮಳೆಗಾಲ ಮುಗಿಯುವುದರೊಳಗೆ ಮತ್ತೆ ಅದೇ ಗಂಜಿ ನೋಡುತ್ತಾರೆ. ಒಳಗಿನ ಸೀಲ್ ಬದಲಾಯಿಸುವಾಗ ಶಾಫ್ಟ್ ಮೇಲೆ ಸೀಲ್ ಕೂರುವ ಜಾಗ ಉಗುರಿನಲ್ಲಿ ಕೆರೆದು ನೋಡಿ. ಉಗುರಿಗೆ ಗೆರೆ ಸಿಕ್ಕಿದರೆ ಹೊಸ ಸೀಲೂ ನಿಲ್ಲುವುದಿಲ್ಲ. ನನ್ನದರಲ್ಲಿ ಬರೀ ಕಲೆ ಇತ್ತು, ನಯವಾದ ಎಮರಿ ಕಾಗದದಲ್ಲಿ ಉಜ್ಜಿದ್ದು ಸಾಕಾಯಿತು.

ನಕಲ್ ಸೀಲಿನ ಎಂಟು ಸಣ್ಣ ಬೋಲ್ಟ್‌ಗಳಲ್ಲಿ ಒಂದೆರಡು ತುಕ್ಕಿಗೆ ಕಚ್ಚಿಕೊಂಡಿದ್ದವು, ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟದ್ದರಿಂದ ಬಂದವು. ಕಿಂಗ್‌ಪಿನ್ ಮೇಲೆ ನಾಲ್ಕು ಬೋಲ್ಟ್, ಕೆಳಗೆ ನಾಲ್ಕು. ಪಿನ್ನಿಗೂ ನಕಲ್‌ಗೂ ನಡುವೆ ಶಿಮ್ ಅನ್ನುವ ತೆಳ್ಳನೆ ಲೋಹದ ಹಾಳೆಗಳಿರುತ್ತವೆ, ಯಾವ ಕಡೆಯದು, ಮೇಲಿನದಾ ಕೆಳಗಿನದಾ ಅಂತ ಬರೆದು ಬೇರೆ ಬೇರೆ ಕವರಿನಲ್ಲಿ ಹಾಕಿಡಿ. ಬೇರಿಂಗ್ ನೋಡಿದ ಕೂಡಲೇ ನಡುಕ ಎಲ್ಲಿಂದ ಅಂತ ತಿಳಿಯಿತು. ಗಾಡಿ ಬಹುಪಾಲು ನೇರ ಓಡುತ್ತದಲ್ವಾ, ರೋಲರ್‌ಗಳು ಒಂದೇ ಜಾಗದಲ್ಲಿ ಕೂತು ಬಡಿದು ಬಡಿದು ಬೇರಿಂಗಿನ ಹೊರ ಬಳೆಯಲ್ಲಿ (ಕಪ್) ಸಾಲಾಗಿ ಕುಳಿ ಬಿದ್ದಿದೆ. ಎಡಗಡೆ ಕೆಳಗಿನದಕ್ಕೆ ನೀರೂ ಹೋಗಿ ಕಂದು ಪುಡಿ ಆಗಿತ್ತು. ಹಿತ್ತಾಳೆ ಸರಳು ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಹಳೇ ಕಪ್ ತೆಗೆದೆ. ಹೊಸದನ್ನು ಕೂರಿಸುವಾಗ ಹಳೇ ಕಪ್ಪನ್ನೇ ಮೇಲಿಟ್ಟು ತಟ್ಟಿದರೆ ಓರೆಯಾಗುವುದಿಲ್ಲ.

ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ ಪ್ರೀಲೋಡ್, ಅಂದರೆ ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವುದನ್ನು ಹೊಂದಿಸುವುದು. ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಮ್ಮಿ, ಹಳೇ ಶಿಮ್ ಹಾಗೇ ಹಾಕಿ ಬಿಗಿದು ಕಳಿಸುತ್ತಾರೆ. ಸುಜುಕಿ ಮ್ಯಾನ್ಯುಯಲ್ ಪ್ರಕಾರ ನಕಲ್ ಸೀಲ್ ಹಾಕುವ ಮೊದಲು, ಟೈರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ನಕಲ್ ಅಲ್ಲಾಡಲು ಶುರುವಾಗುವಾಗ ತಕ್ಕಡಿ 1ರಿಂದ 1.8 ಕೆ.ಜಿ. ತೋರಿಸಬೇಕು. ಕಮ್ಮಿ ತೋರಿಸಿದರೆ ಶಿಮ್ ತೆಗೆಯಬೇಕು, ಜಾಸ್ತಿ ತೋರಿಸಿದರೆ ಸೇರಿಸಬೇಕು. ಕಾಳುಮೆಣಸು ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಆದರೆ ಅದು 50 ಕೆ.ಜಿ.ಯದು, ಇಷ್ಟು ಕಮ್ಮಿ ಭಾರಕ್ಕೆ ಮುಳ್ಳು ಅಲ್ಲಾಡುವುದೇ ಇಲ್ಲ. ಪಕ್ಕದ ಮನೆಯ ಭಟ್ಟರ ಹತ್ತಿರ ಸಣ್ಣ ಕೊಕ್ಕೆ ತಕ್ಕಡಿ ಸಿಕ್ಕಿತು, "ಜೀಪು ತೂಗ್ತೀರಾ ಮಾರಾಯ್ರೇ?" ಅಂತ ನಕ್ಕು ಕೊಟ್ಟರು. ಬಲಗಡೆ ಮೊದಲ ಸಲಕ್ಕೇ ಸರಿ ಇತ್ತು. ಎಡಗಡೆ ತೆಳ್ಳನೆ ಶಿಮ್ ತೆಗೆದ ಮೇಲೆ ಸುಮಾರು ಒಂದೂವರೆ ಕೆ.ಜಿ.ಗೆ ಬಂದು ನಿಂತಿತು.

ಮೇ ಮೊದಲ ವಾರ

ಜೋಡಿಸಿ ಆಯಿತು. ಜಾಯಿಂಟ್ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಮಾಲಿಬ್ಡಿನಮ್ ಬೆರೆಸಿದ ಗ್ರೀಸ್ ಒತ್ತಿ ತುಂಬಿದ್ದೇನೆ. ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಸ್ವಲ್ಪ ಒಳಕ್ಕೆ ವಾಲಿರುವ ಅಳತೆ) ಅಂಗಳದಲ್ಲೇ ಹೊಂದಿಸಿದೆ: ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಳಿಸಿ ಸ್ವಲ್ಪ ಉರುಳಿಸಿ, ಆಮೇಲೆ ಹಬ್ ಎತ್ತರದಲ್ಲಿ ಟೇಪ್ ಹಿಡಿದು ಮುಂದೆ ಮತ್ತು ಹಿಂದೆ ಅಳೆಯಬೇಕು. ಮುಂದಿನ ಅಳತೆ 2ರಿಂದ 6 ಮಿ.ಮೀ. ಕಮ್ಮಿ ಇರಬೇಕು. ನಾನು 3ಕ್ಕೆ ಇಟ್ಟಿದ್ದೇನೆ, ರೇಡಿಯಲ್ ಟೈರಿಗೆ ಅಷ್ಟು ಸಾಕು ಅನಿಸಿತು. ಟೈರ್ ಬ್ಯಾಲೆನ್ಸಿಂಗ್ ಮಾತ್ರ ಅಂಗಡಿಯಲ್ಲಿ.

ಬಣಕಲ್ ದಾಟಿ ಕೊಟ್ಟಿಗೆಹಾರದವರೆಗೆ ಓಡಿಸಿದೆ. ಹಳೇ ಡ್ಯಾಂಪರ್ ಬೇಕಂತಲೇ ಬಿಚ್ಚಿಟ್ಟಿದ್ದೆ. ರಸ್ತೆ ಕಿತ್ತ ಜಾಗದಲ್ಲಿ 60ರಲ್ಲಿ ಇಳಿಸಿದರೂ ನಡುಕ ಇಲ್ಲ. ಸ್ಟೀರಿಂಗ್ ಸ್ವಲ್ಪ ಬಿಗಿ ಅನಿಸುತ್ತದೆ, ತಿರುವು ಮುಗಿದ ಮೇಲೆ ವಾಪಸ್ ಬರುವುದು ನಿಧಾನ. ಹೊಸ ಬೇರಿಂಗು, ಹೊಸ ಸೀಲು, ಸಡಿಲವಾಗಲಿ ನೋಡೋಣ. ನೀರುದೋಸೆ ತಿಂದು ವಾಪಸ್ ಬಂದೆವು. ಚಾರ್ಮಾಡಿ ಘಾಟಿ ಇಳಿಯುವ ಆಸೆ ಇತ್ತು, ಬ್ರೇಕ್ ಆಯಿಲ್ ಬದಲಾಯಿಸದೆ ಬೇಡ ಅಂತ ಬಿಟ್ಟೆ.

ಮೇ ನಡುವೆ

ಬ್ರೀದರ್ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಮಲೆನಾಡಿನ ಗಾಡಿಗೆ ಇದು ತುಂಬಾ ಮುಖ್ಯ. ಆಕ್ಸಲ್ ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ, ಹೊರಗೆ ಹೋಗಲು ಮೇಲೊಂದು ಸಣ್ಣ ದಾರಿ ಇದೆ, ಅದೇ ಬ್ರೀದರ್. ಕೆಸರು ಕೂತು ಅದು ಮುಚ್ಚಿದರೆ ಒತ್ತಡಕ್ಕೆ ಆಯಿಲ್ ಸೀಲ್ ದಾಟಿ ಬರುತ್ತದೆ. ಅಷ್ಟೇ ಅಲ್ಲ, ಬಿಸಿ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ನನ್ನ ಎರಡು ಬ್ರೀದರೂ ಕೆಮ್ಮಣ್ಣಿನಿಂದ ಗಟ್ಟಿ ಮುಚ್ಚಿದ್ದವು. ಸೀಲ್ ಹೋದದ್ದಕ್ಕೆ ಇದೇ ಕಾರಣ ಇರಬೇಕು. ಹಿಂದಿನ ಡಿಫರೆನ್ಷಿಯಲ್ ಆಯಿಲ್ ಇಳಿಸಿದರೆ ಹಾಲು ಹಾಕಿದ ಕಾಫಿ ಬಣ್ಣ. ಬ್ರೀದರ್ ಜಾಗಕ್ಕೆ ನಿಪ್ಪಲ್ ಹಾಕಿ, ರಬ್ಬರ್ ಹೋಸ್ ಎಳೆದು, ಮುಂದಿನದನ್ನು ಬಾನೆಟ್ ಒಳಗೆ ಬ್ಯಾಟರಿ ಎತ್ತರಕ್ಕೆ, ಹಿಂದಿನದನ್ನು ಬಾಡಿ ಮೂಲೆಗೆ ಕಟ್ಟಿದೆ. ತುದಿಗೆ ಸಣ್ಣ ಪೆಟ್ರೋಲ್ ಫಿಲ್ಟರ್. ಹೊಸ ಆಯಿಲ್ 80ಡಬ್ಲ್ಯು-90, ಮುಂದೆ 2 ಲೀಟರ್, ಹಿಂದೆ ಒಂದೂವರೆ. ತುಂಬುವ ಬೋಲ್ಟ್ ಬಿಚ್ಚಿ ಬರುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಇಳಿಸುವ ಬೋಲ್ಟ್ ಬಿಚ್ಚಿ, ಇಲ್ಲವಾದರೆ ಖಾಲಿ ಆಕ್ಸಲ್ ಇಟ್ಟುಕೊಂಡು ಕೂರಬೇಕಾಗುತ್ತದೆ.

ಪೆಟ್ರೋಲ್ ಹೋಸ್‌ಗಳೂ ಬದಲಾದವು. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು, 98ರ ರಬ್ಬರು ಅದಕ್ಕೆ ಮಾಡಿದ್ದಲ್ಲ. ಟ್ಯಾಂಕ್ ಹತ್ತಿರದ ಹೋಸ್ ಹಿಂಡಿದರೆ ಕೈಗೆ ಕಪ್ಪು ಹತ್ತುತ್ತಿತ್ತು.

ಮೇ ಕೊನೆ

ತುಕ್ಕು. ರಬ್ಬರ್ ಮ್ಯಾಟ್ ಎತ್ತಿದರೆ ಡ್ರೈವರ್ ಕಾಲ ಕೆಳಗೆ ನೆಲ ಕಾಣಿಸುತ್ತದೆ, ಭೂಮಿಯ ನೆಲ. ಸೀಟ್ ಬೋಲ್ಟ್ ಸುತ್ತ, ಹಿಂದಿನ ಚಕ್ರದ ಮೇಲಿನ ಮೂಲೆಗಳಲ್ಲಿ, ಎಲ್ಲೆಲ್ಲಿ ಒದ್ದೆ ಮಣ್ಣು ಕೂರುತ್ತದೋ ಅಲ್ಲೆಲ್ಲ ಹೋಗಿದೆ. ಚಾಸಿ ಸುತ್ತಿಗೆಯಲ್ಲಿ ತಟ್ಟಿ ನೋಡಿದೆ, ಎಲ್ಲ ಕಡೆ ಗಟ್ಟಿ ಸದ್ದೇ ಬಂತು, ಸಮಾಧಾನ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜುವುದು ನನ್ನ ಪಾಲು, ತಗಡು ಕತ್ತರಿಸಿ ವೆಲ್ಡ್ ಮಾಡುವುದು ಟಿಂಕರ್ ಅಣ್ಣನ ಪಾಲು. ಅವರು ಬರುವ ಮೊದಲು ಬ್ಯಾಟರಿ ಬಿಚ್ಚಿಡಬೇಕು, ಪೆಟ್ರೋಲ್ ಟ್ಯಾಂಕ್ ಕೂಡ ಇಳಿಸುತ್ತೇನೆ.

"ಡೀಸೆಲ್ ಮತ್ತೆ ಹಳೇ ಎಂಜಿನ್ ಆಯಿಲ್ ಕಲಸಿ ಕೆಳಗೆಲ್ಲ ಹೊಡ್ಸಿಬಿಡಿ, ತುಕ್ಕು ಮುಟ್ಟೋದೇ ಇಲ್ಲ" ಅಂತ ಭಾವ ಫೋನಿನಲ್ಲಿ ಹೇಳಿದರು. ಇಲ್ಲಿ ತಲೆಮಾರಿನಿಂದ ಎಲ್ಲರೂ ಮಾಡುವುದೇ ಅದು. ನಾನು ಹೊಡೆಸುವುದಿಲ್ಲ. ಲೀಫ್ ಸ್ಪ್ರಿಂಗ್ ಬುಷ್, ಬಾಡಿ ಮೌಂಟಿಂಗ್ ಎಲ್ಲ ರಬ್ಬರ್, ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕಿಗೆ ಬಿದ್ದರೆ ಕೇಳುವುದೇ ಬೇಡ. ಎಪಾಕ್ಸಿ ಪ್ರೈಮರ್, ಮೇಲೆ ಕಪ್ಪು ಅಂಡರ್‌ಬಾಡಿ ಕೋಟಿಂಗ್, ಪೆಟ್ಟಿಗೆಯಂಥ ಮುಚ್ಚಿದ ಜಾಗಗಳ ಒಳಗೆ ಮೇಣದ ಸ್ಪ್ರೇ, ಇಷ್ಟು ಅಂದುಕೊಂಡಿದ್ದೇನೆ. ತೇವ ಇದ್ದರೆ ಪ್ರೈಮರ್ ಹಿಡಿಯುವುದಿಲ್ಲ, ಆಗಲೇ ಸಂಜೆ ಹೊತ್ತು ಗುಡುಗು ಶುರುವಾಗಿದೆ. ಮುಂಗಾರು ಕೂತ ಮೇಲೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪ್ರೈಮರ್ ಎಲ್ಲಿಂದ. ಹಾಗಾಗಿ ಡ್ರೈವರ್ ಕಡೆ ನೆಲ ಮಾತ್ರ ಈಗ, ಮೂಲೆಗಳು ಮಳೆ ಬಿಟ್ಟ ಮೇಲೆ.

ಉಳಿದದ್ದರಲ್ಲಿ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ರಬ್ಬರ್ ಮೌಂಟಿಂಗ್ ಮೂರೂ ಬದಲಾಗಬೇಕು, ಕ್ಲಚ್ ಬಿಟ್ಟ ಕೂಡಲೇ ಕೆಳಗೆ ಟಣ್ ಅನ್ನುವುದು ಅದೇ. ಹಿಂದಿನ ಡಿಫರೆನ್ಷಿಯಲ್‌ಗೆ ಶಾಫ್ಟ್ ಸೇರುವ ಜಾಗದ ಪಿನಿಯನ್ ಸೀಲ್ ಕೂಡ ತೇವ ಕಾಣುತ್ತಿದೆ. ಬ್ರೀದರ್ ಸರಿಯಾದ ಮೇಲೆ ತಾನಾಗೇ ನಿಲ್ಲುತ್ತದಾ ಅಂತ ಒರೆಸಿಟ್ಟು ಕಾಯುತ್ತಿದ್ದೇನೆ. ನಿಲ್ಲದಿದ್ದರೆ ಜೂನ್‌ನಲ್ಲಿ ಅದನ್ನೂ ಬಿಚ್ಚಬೇಕು.