ಅರ್ಧ ಗಂಟೆಯಲ್ಲಿ ಕಾಣದ್ದು

ಮೈಸೂರು, 10 ನವೆಂಬರ್ 2024, ಭಾನುವಾರ

ಮಧ್ಯಾಹ್ನ ಅತ್ತೆಯ ತಂಗಿ ಬಂದು ಅರ್ಧ ಗಂಟೆ ಇದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಊಟ ಆಯ್ತಾ ಎಂದು ವಿಚಾರಿಸಿದರು, ನಕ್ಕರು. ಹೆಸರು ನೆನಪಾಗದ ಕಡೆಯೆಲ್ಲ "ಏನಮ್ಮಾ" ಎಂದು ಸಾಗಿಸಿದರು. ಚಿಕ್ಕತ್ತೆ ಹೊರಡುವಾಗ ಗೇಟಿನ ಹತ್ತಿರ ನನಗೆ ಹೇಳಿದರು, "ಅಕ್ಕ ಚೆನ್ನಾಗೇ ಇದ್ದಾಳಲ್ಲ. ನೀನು ಸುಮ್ನೆ ಹೆದರ್ತೀಯ."

ಅವರಿಗೆ ಕಂಡದ್ದು ಅಷ್ಟೇ. ಅತ್ತೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಅದು ಇರುವ ಎಷ್ಟೋ ಜನ ಹೊರಗಿನವರ ಎದುರು ಸ್ವಲ್ಪ ಹೊತ್ತು ಮೊದಲಿನಂತೆಯೇ ಇರುತ್ತಾರೆ. ಡಾಕ್ಟರ ಮುಂದೆಯೂ ಹಾಗೇ. ಆಮೇಲೆ ಸುಸ್ತಾಗಿಬಿಡುತ್ತಾರೆ. ಅದನ್ನು ನೋಡುವುದು ಮನೆಯವರು ಮಾತ್ರ. ನಾವು ಹೇಳಿದರೆ ದೂರು ಹೇಳಿದಂತೆ ಕೇಳಿಸುತ್ತದೆ.

ಇವತ್ತು ಹೊತ್ತು ಇಳಿಯುತ್ತಿದ್ದಂತೆ ಶುರುವಾಯಿತು. "ಮನೆಗೆ ಹೋಗೋಣ, ಕತ್ತಲಾಗತ್ತೆ." ಇದೇ ಅವರ ಮನೆ. ಮಾವ ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗ ಕಟ್ಟಿಸಿದ್ದು. ಆದರೆ ಹಾಗೆಂದು ವಾದ ಮಾಡಿದರೆ ಸಿಟ್ಟು ಜಾಸ್ತಿ. ಚಪ್ಪಲಿ ಹಾಕಿಸಿ ಬೀದಿಯ ತುದಿಯವರೆಗೆ ನಡೆಸಿಕೊಂಡು ಬಂದರೆ ಎಷ್ಟೋ ಸಲ ಸಮಾಧಾನವಾಗುತ್ತಾರೆ. ಇವತ್ತು ಆಗಲಿಲ್ಲ. ಬಳೆ ಎಲ್ಲಿ ಎಂದು ಕೇಳಿದರು. ನೀನೇ ತೆಗೆದಿದ್ದೀಯ ಎಂದರು. ಬಳೆ ಬತ್ತಿ ಡಬ್ಬಿಯಲ್ಲಿತ್ತು, ಅವರೇ ಇಟ್ಟದ್ದು. ಸ್ನಾನ ಮಾಡಿಸುವ, ಊಟ ಕೊಡುವ, ಯಾವಾಗಲೂ ಹತ್ತಿರ ಇರುವವರ ಮೇಲೆಯೇ ಈ ಅನುಮಾನ ಬರುತ್ತದೆ. ಇದು ಕಾಯಿಲೆ ಎಂದು ನನಗೆ ಗೊತ್ತು. ಗೊತ್ತಿದ್ದರೂ "ಕಳ್ಳಿ" ಎಂಬ ಮಾತು ಕಿವಿಯಲ್ಲಿ ಉಳಿಯುತ್ತದೆ.

ರಾತ್ರಿಯೇ ಕಷ್ಟ. ಎದ್ದು ಬಾಗಿಲ ಚಿಲಕ ತೆಗೆಯುತ್ತಾರೆ. ಇವರೂ ನಾನೂ ಸರದಿಯಲ್ಲಿ ಎಚ್ಚರ ಇರುತ್ತೇವೆ. ಬೆಳಿಗ್ಗೆ ಇವರಿಗೆ ಕೆಲಸ, ನನಗೆ ಮತ್ತೆ ಅತ್ತೆ. ಈ ದೀಪಾವಳಿಗೆ ಬ್ಲೌಸ್ ಹೊಲಿಯುವ ಆರ್ಡರ್ ಒಂದನ್ನೂ ಒಪ್ಪಿಕೊಳ್ಳಲಿಲ್ಲ. ಕತ್ತರಿ, ಸೂಜಿ ಎಲ್ಲ ಮೇಲಿನ ಅಟ್ಟದಲ್ಲಿವೆ. ಆ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ, ನನ್ನದು ಎನ್ನುವ ಒಂದು ಕೆಲಸ ಹೋಯಿತು.

ಮಳೆಗಾಲದಲ್ಲಿ ಒಮ್ಮೆ ಅತ್ತೆ ಎರಡೇ ದಿನದಲ್ಲಿ ತೀರಾ ಬದಲಾದರು. ಇವರನ್ನೂ ಗುರುತಿಸಲಿಲ್ಲ, ಗೋಡೆಯ ಜೊತೆ ಮಾತಾಡಿದರು. ಕಾಯಿಲೆ ಮುಂದಿನ ಹಂತಕ್ಕೆ ಹೋಯಿತು ಎಂದುಕೊಂಡು ಅತ್ತಿದ್ದೆವು. ನೋಡಿದರೆ ಮೂತ್ರದ ಸೋಂಕು. ಆಂಟಿಬಯೋಟಿಕ್ ಕೊಟ್ಟ ಮೇಲೆ ಮೊದಲಿನಷ್ಟಕ್ಕೆ ಬಂದರು. ಇದನ್ನು ಓದುವವರ ಮನೆಯಲ್ಲೂ ಇಂಥ ಹಿರಿಯರಿದ್ದರೆ ನೆನಪಿಡಿ: ಬದಲಾವಣೆ ದಿಢೀರ್ ಎಂದು ಬಂದರೆ ಕಾಯಬೇಡಿ, ಪರೀಕ್ಷೆ ಮಾಡಿಸಿ. ಮರೆವು ಶುರುವಾದಾಗಲೂ ವಿಟಮಿನ್ ಬಿ12, ಥೈರಾಯ್ಡ್ ನೋಡಿಸಿ. ಅವು ಕಡಿಮೆಯಾಗಿಯೂ ಮರೆವು ಬರಬಹುದು, ಅದಕ್ಕೆ ಔಷಧಿ ಇದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅವರಲ್ಲಿ ಬಹಳ ಜನ ಮನೆಯಲ್ಲೇ ಇದ್ದಾರೆ, ಹೆಂಡತಿಯೋ ಮಗಳೋ ಸೊಸೆಯೋ ನೋಡಿಕೊಳ್ಳುತ್ತಿದ್ದಾರೆ. ಹೀಗೆ ನೋಡಿಕೊಳ್ಳುವವರಿಗೆಲ್ಲ ಸಿಗುವುದು ಒಂದೇ ಮಾತು, "ಪುಣ್ಯ ಬರತ್ತೆ." ಪುಣ್ಯದ ಮಾತು ಆಡಿ ಜನ ಎದ್ದು ಹೋಗುತ್ತಾರೆ. ನನಗೆ ಬೇಕಾದದ್ದು ನಾಲ್ಕು ಗಂಟೆ. ಯಾರಾದರೂ ಬಂದು ಅತ್ತೆಯ ಹತ್ತಿರ ಕೂತರೆ ನಾನು ಮಲಗಬಹುದು, ನನ್ನ ಬಿಪಿ ತೋರಿಸಿಕೊಂಡು ಬರಬಹುದು. ಬಾಳೆಹಣ್ಣು ತರುವ ಬದಲು ಆ ಹೊತ್ತನ್ನು ತನ್ನಿ.

ಹೋದ ತಿಂಗಳು ಒಂದು ರಾತ್ರಿ ತಡೆಯಲಾರದೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಕೇಂದ್ರ ಸರ್ಕಾರ ಮಾನಸಿಕ ಆರೋಗ್ಯಕ್ಕಾಗಿ ಶುರುಮಾಡಿದ ಉಚಿತ ಸಹಾಯವಾಣಿ ಅದು, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಅತ್ತೆಯ ವಿಷಯ ಕೇಳಿಸಿಕೊಂಡು, "ನೀವು ಎಷ್ಟು ಹೊತ್ತು ನಿದ್ದೆ ಮಾಡ್ತೀರಮ್ಮಾ?" ಎಂದರು. ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಪಿಂಚಣಿಯ ಜೀವನ ಪ್ರಮಾಣ ಪತ್ರದ ಕೆಲಸ ಮೊನ್ನೆ ಮುಗಿಯಿತು. ಅತ್ತೆಯ ಬೆರಳಚ್ಚು ಮೂಡಲಿಲ್ಲ. ಫೋನಿನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ, ಅದರಲ್ಲೇ ಮಾಡಿದೆವು. ಬ್ಯಾಂಕಿನ ಮೆಟ್ಟಿಲು ಹತ್ತಿಸುವುದು ತಪ್ಪಿತು.

ಸಂಜೆ ಮಂಡ್ಯದಿಂದ ನಾದಿನಿ ಫೋನ್ ಮಾಡಿ, "ಅತ್ತಿಗೆ, ಏನಾದರೂ ಬೇಕಾ?" ಎಂದಳು. ಯಾವಾಗಲೂ ಏನೂ ಬೇಡ ಎನ್ನುತ್ತಿದ್ದೆ. ಇವತ್ತು, "ಬರುವ ಶನಿವಾರ ರಾತ್ರಿ ನೀನು ಬಂದು ಇರಬೇಕು" ಎಂದೆ. ಸ್ವಲ್ಪ ತಡೆದು ಬರುತ್ತೇನೆ ಎಂದಳು. ಅವಳಿಗಾಗಿ ಈಗ ಬರೆದಿಡುತ್ತಿದ್ದೇನೆ. ಸ್ನಾನದ ನೀರನ್ನು ಮೊದಲು ಕೈಗೆ ಹಾಕಿ ತೋರಿಸಬೇಕು. ಅತ್ತೆ "ನಮ್ಮಪ್ಪ ಎಲ್ಲಿ" ಎಂದರೆ ತೀರಿಹೋದರು ಎನ್ನಬೇಡ, ಪ್ರತಿ ಸಲವೂ ಹೊಸದಾಗಿ ಅಳುತ್ತಾರೆ. ಅಪ್ಪನ ಬಗ್ಗೆ ಏನಾದರೂ ಕೇಳು, ಅವರೇ ಹೇಳುತ್ತಾ ಹೋಗುತ್ತಾರೆ. ಮಲಗುವ ಮುಂಚೆ ಗ್ಯಾಸ್ ಆಫ್ ಮಾಡು.

ನಾನು ಕುವೆಂಪುನಗರದ ತಂಗಿಯ ಮನೆಗೆ ಮಲಗಲು ಹೋಗುತ್ತೇನೆ. ತಿಂಗಳಿಗೊಂದು ರಾತ್ರಿಯಾದರೂ ಹೀಗೆ ಬೇಕು ಎಂದು ಹುಬ್ಬಳ್ಳಿಯ ಮೈದುನನಿಗೂ ನಾಳೆ ಫೋನ್ ಮಾಡಿ ಕೇಳುತ್ತೇನೆ.