ಪೋರ್ಟ್ ತೆಗೆಸಿದ ದಿನ

2025 ಫೆಬ್ರವರಿ 6, ಗುರುವಾರ
ಅಕ್ಕನ ಮನೆ, ವಿಜಯನಗರ, ಬೆಂಗಳೂರು

ಇವತ್ತು ಬೆಳಿಗ್ಗೆ ಪೋರ್ಟ್ ತೆಗೆದರು. ಈಗ ರಾತ್ರಿ. ಮರಗಟ್ಟಿಸಲು ಕೊಟ್ಟ ಇಂಜೆಕ್ಷನ್ ಪೂರ್ತಿ ಇಳಿದಿದೆ, ಬಲಗಡೆ ಕಾಲರ್ ಬೋನ್ ಕೆಳಗೆ ಉರಿ ಇದೆ, ಕತ್ತು ತಿರುಗಿಸಿದರೆ ಎಳೆಯುತ್ತದೆ. ಪ್ಯಾರಸಿಟಮಾಲ್ ನುಂಗಿ ಕೂತಿದ್ದೇನೆ. ನಾಳೆಗೆ ಬಿಟ್ಟರೆ ಅರ್ಧ ಮರೆತು ಹೋಗುತ್ತದೆ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಪೋರ್ಟ್ ಅಂದರೆ ಏನು ಅಂತ ನನಗೂ ಸ್ತನ ಕ್ಯಾನ್ಸರ್ ಬರುವವರೆಗೆ ಗೊತ್ತಿರಲಿಲ್ಲ. ಕೀಮೋ, ಅಂದರೆ ಕ್ಯಾನ್ಸರಿನ ಔಷಧ, ಕೊಡಲು ಚರ್ಮದ ಕೆಳಗೆ ಕೂರಿಸುವ ಪುಟ್ಟ ಡಬ್ಬಿ ಅದು. ಕೆಲವು ಟೈಟಾನಿಯಂನವು, ಕೆಲವು ಗಟ್ಟಿ ಪ್ಲಾಸ್ಟಿಕ್‌ನವು. ಮೇಲೆ ಸಿಲಿಕೋನ್ ಮುಚ್ಚಳ ಇರುತ್ತದೆ. ಡಬ್ಬಿಯಿಂದ ಹೊರಟ ತೆಳ್ಳಗಿನ ಟ್ಯೂಬ್ ಕತ್ತಿನ ದೊಡ್ಡ ರಕ್ತನಾಳದೊಳಗೆ ಇಳಿದು ಹೃದಯದ ಹತ್ತಿರ ನಿಲ್ಲುತ್ತದೆ. ಅಲ್ಲಿ ರಕ್ತ ಜೋರಾಗಿ ಹರಿಯುವುದರಿಂದ ಔಷಧ ತಕ್ಷಣ ಬೆರೆತುಹೋಗುತ್ತದೆ, ನಾಳ ಸುಡುವುದಿಲ್ಲ. ಚುಚ್ಚುವುದಕ್ಕೆ ಹ್ಯೂಬರ್ ಸೂಜಿ ಅಂತಲೇ ಬೇರೆ ಇದೆ. ಅದರ ತುದಿಯ ಆಕಾರವೇ ಬೇರೆ, ಸಿಲಿಕೋನನ್ನು ಕತ್ತರಿಸಿ ತೂತು ಮಾಡುವುದಿಲ್ಲ, ಸೂಜಿ ತೆಗೆದ ಮೇಲೆ ಮುಚ್ಚಳ ತಾನೇ ಕೂಡಿಕೊಳ್ಳುತ್ತದೆ.

ನನಗೆ ಮೊದಲ ಕೀಮೋ ಕೈಯ ನರಕ್ಕೇ, ಅಂದರೆ ರಕ್ತನಾಳಕ್ಕೇ, ಕೊಟ್ಟರು. 2023ರ ಆಗಸ್ಟ್. ಎಡಗಡೆ ಸ್ತನದ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಎಡಗೈಗೆ ಸೂಜಿ ಚುಚ್ಚುವ ಹಾಗಿಲ್ಲ, ಬಿ.ಪಿ. ಪಟ್ಟಿ ಕೂಡ ಕಟ್ಟುವ ಹಾಗಿಲ್ಲ, ಕೈ ಊದಿಕೊಳ್ಳಬಹುದು ಅಂತ. ಉಳಿದಿದ್ದು ಬಲಗೈ ಒಂದೇ. ಅದಕ್ಕೆ ಡಾಕ್ಸೊರುಬಿಸಿನ್, ವಾರ್ಡಿನಲ್ಲಿ ಎಲ್ಲರೂ 'ಕೆಂಪು ಔಷಧ' ಅನ್ನುತ್ತಾರಲ್ಲ, ಅದು. ನರದಿಂದ ಒಂಚೂರು ಹೊರಗೆ ಸೋರಿದರೂ ಸುತ್ತಲಿನ ಮಾಂಸ ಸುಟ್ಟು ಹುಣ್ಣಾಗುತ್ತದೆ. ನನಗೆ ಸೋರಲಿಲ್ಲ, ಆದರೆ ಎರಡೇ ವಾರದಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ನರ ಕಪ್ಪಾಗಿ ಗಟ್ಟಿಯಾಯಿತು. ಕೈ ಚಾಚಿದರೆ ಒಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ ನೋವು. ರೊಟ್ಟಿ ತಟ್ಟುವುದಕ್ಕೂ ಆಗುತ್ತಿರಲಿಲ್ಲ. ಆಮೇಲೆ ಡಾಕ್ಟರೇ ಪೋರ್ಟ್ ಹಾಕಿಸೋಣ ಅಂದರು.

ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ ಅನ್ನುವ ಸಿಟ್ಟು ನನಗೆ ಇವತ್ತಿಗೂ ಇದೆ. ಮೊನ್ನೆ ನಾಲ್ಕನೇ ತಾರೀಖು ವಿಶ್ವ ಕ್ಯಾನ್ಸರ್ ದಿನ, ಎಲ್ಲಿ ನೋಡಿದರೂ ಗುಲಾಬಿ ಬಣ್ಣದ ಪೋಸ್ಟರ್, ಗಂಟು ಇದೆಯಾ ನೋಡಿಕೊಳ್ಳಿ ಅಂತ. ಒಳ್ಳೇದೇ, ಹೇಳಲೇಬೇಕು. ಆದರೆ ಗಂಟು ಸಿಕ್ಕಿದ ಮೇಲೆ ಹೆಂಗಸರು ಒಂದೊಂದೇ ನರ ಕಳೆದುಕೊಳ್ಳುತ್ತಾ ಹೋಗುತ್ತಾರಲ್ಲ, ಅದರ ಬಗ್ಗೆ ಮಾತೇ ಇಲ್ಲ. ಎಲ್ಲರಿಗೂ ಪೋರ್ಟ್ ಬೇಕು ಅಂತ ನಾನು ಹೇಳುತ್ತಿಲ್ಲ. ಖರ್ಚಿದೆ, ಅದನ್ನು ಹಾಕಲು ಒಂದು ಚಿಕ್ಕ ಆಪರೇಷನ್ ಆಗಬೇಕು, ಕೆಲವರಿಗೆ ಸೋಂಕು ಆಗುತ್ತದೆ, ಕೆಲವರಿಗೆ ಟ್ಯೂಬಿನ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ತೋಳಿನ ರಕ್ತನಾಳಕ್ಕೆ ಹಾಕುವ ಪಿಕ್ ಲೈನ್ ಅನ್ನುವ ಉದ್ದ ಟ್ಯೂಬ್ ಕೂಡ ಇದೆ, ಆದರೆ ಅದರ ತುದಿ ಹೊರಗೇ ಇರುತ್ತದೆ, ವಾರ ವಾರ ಡ್ರೆಸಿಂಗ್ ಆಗಬೇಕು, ನೀರು ತಾಗಿಸುವ ಹಾಗಿಲ್ಲ. ಯಾವುದು ಯಾರಿಗೆ ಸರಿ ಅಂತ ಡಾಕ್ಟರು ಹೇಳಲಿ. ಆದರೆ ಮೊದಲ ಕೀಮೋಗೆ ಮುಂಚೆ 'ನನಗೆ ಪೋರ್ಟ್ ಬೇಕಾಗುತ್ತಾ ಡಾಕ್ಟ್ರೇ' ಅಂತ ಒಂದು ಮಾತು ಕೇಳಿ. ಅಷ್ಟು ಕೇಳುವುದು ನಮ್ಮ ಹಕ್ಕು.

ಪೋರ್ಟ್ ಹಾಕಿದ ಮೇಲೆ ನನ್ನ ಕೀಮೋ ದಿನಗಳೇ ಬದಲಾದವು. ನರ ಹುಡುಕುವ ಗೋಳು ಇಲ್ಲ. ಸೂಜಿ ಹಾಕಿದ ಮೇಲೆ ಎರಡೂ ಕೈ ಖಾಲಿ, ಊಟ ಮಾಡಬಹುದು, ಮಗಳ ಜೊತೆ ವಿಡಿಯೋ ಕಾಲ್ ಮಾಡಬಹುದು. ಕೆಂಪು ಔಷಧ ಮುಗಿದು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಬಂತು. ನನ್ನದು ಹರ್-2 ಪಾಸಿಟಿವ್, ಅಂದರೆ ಕ್ಯಾನ್ಸರ್ ಕೋಶಗಳಲ್ಲಿ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ, ಆಗಿದ್ದರಿಂದ ಅದರ ಜೊತೆಗೇ ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಶುರುವಾಗಿ ಒಂದು ವರ್ಷ ನಡೆಯಿತು, ನಡುನಡುವೆ ಹೃದಯಕ್ಕೆ ತೊಂದರೆ ಆಗಿಲ್ಲ ಅಂತ ನೋಡಲು ಎಕೋ ಸ್ಕ್ಯಾನ್. ಹಿಂದೆ ಈ ಔಷಧದ ಬೆಲೆ ಕೇಳಿಯೇ ಎಷ್ಟೋ ಜನ ಅರ್ಧಕ್ಕೆ ನಿಲ್ಲಿಸುತ್ತಿದ್ದರಂತೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರನ್ನು, ಅಂದರೆ ಮೂಲ ಔಷಧದಂತೆಯೇ ಕೆಲಸ ಮಾಡುವ ಇನ್ನೊಂದು ಕಂಪನಿಯ ಔಷಧವನ್ನು, ಭಾರತದ ಮಾರುಕಟ್ಟೆಗೆ ತಂದಿತು. ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು. ನನ್ನಂಥವಳು ವರ್ಷ ಪೂರ್ತಿ ತಗೊಳ್ಳಲು ಸಾಧ್ಯವಾಗಿದ್ದು ಅದರಿಂದಲೇ.

ಕಿರಿಕಿರಿ ಇರಲಿಲ್ಲ ಅಂತಲ್ಲ. ಪೋರ್ಟ್ ಬಲಗಡೆ ಇತ್ತು, ಕಾರು ಓಡಿಸುವಾಗ ಸೀಟ್ ಬೆಲ್ಟ್ ಸರಿಯಾಗಿ ಅದರ ಮೇಲೇ ಬರುತ್ತಿತ್ತು, ನಡುವೆ ಚಿಕ್ಕ ಟವೆಲ್ ಮಡಿಸಿ ಇಟ್ಟುಕೊಳ್ಳುತ್ತಿದ್ದೆ. ಮಾಂಗಲ್ಯದ ಸರ ತಾಗುತ್ತಿತ್ತು. ಅಗಲ ಕತ್ತಿನ ರವಿಕೆಗಳನ್ನೆಲ್ಲ ಬೀರುವಿನಲ್ಲಿ ಎತ್ತಿಟ್ಟೆ, ಮದುವೆ ಮನೆಗೆ ಹೋದರೆ ಜನರ ಕಣ್ಣು ಮೊದಲು ಆ ಉಬ್ಬಿನ ಮೇಲೇ ಬೀಳುತ್ತಿತ್ತು.

ಕಳೆದ ಅಕ್ಟೋಬರಿನಲ್ಲಿ ಔಷಧ ಮುಗಿಯಿತು, ಪೋರ್ಟ್ ಮಾತ್ರ ಉಳಿಯಿತು. ಸ್ವಲ್ಪ ದಿನ ಇರಲಿ, ತಪಾಸಣೆ ಎಲ್ಲ ಆಗಲಿ ಅಂದರು ಡಾಕ್ಟರು. ಬಳಸದೆ ಇದ್ದರೂ ಆಗಾಗ ಸಲೈನ್, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಹಾಕಿ ಫ್ಲಶ್ ಮಾಡಿಸಬೇಕು, ಅಂದರೆ ಟ್ಯೂಬ್ ತೊಳೆಸಬೇಕು, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ನಾನಿರುವ ಹಾಸನದಲ್ಲಿ ಕೇಳಿದ ಕಡೆಯಲ್ಲೆಲ್ಲ ಹ್ಯೂಬರ್ ಸೂಜಿ ಇಲ್ಲ, ನಾವು ಅದನ್ನು ಮುಟ್ಟುವುದಿಲ್ಲ ಅಂದರು. ಹತ್ತು ನಿಮಿಷದ ಕೆಲಸಕ್ಕೆ ತಿಂಗಳಿಗೊಮ್ಮೆ ಬೆಳಗಿನ ರೈಲು ಹತ್ತಿ ಕುಣಿಗಲ್ ಮೇಲೆ ಬೆಂಗಳೂರಿಗೆ ಬರಬೇಕಿತ್ತು. ಬ್ಯಾಂಕಿನಲ್ಲಿ ರಜೆ ಹಾಕಿಯೇ ಬರಬೇಕು. ನನಗೆ ಅಕ್ಕನ ಮನೆ ಇದೆ, ಸಂಬಳದ ಕೆಲಸ ಇದೆ. ದಿನಗೂಲಿಯ ಹೆಂಗಸು ಏನು ಮಾಡಬೇಕು? ಒಬ್ಬ ನರ್ಸಿಗೆ ಕಲಿಸಿದರೆ ಆಗುವ ಕೆಲಸ ಇದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಬೇಕು.

ಜನವರಿಯಲ್ಲಿ ಡಾಕ್ಟರು ಇನ್ನು ತೆಗೆಸಬಹುದು ಅಂದಾಗ ಖುಷಿ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹೆದರಿಕೆ ಆಯಿತು. ಮನೆಯಲ್ಲಿ ಹೇಳಿದರೆ ಅತ್ತೆ, "ಇರ್ಲಿ ಬಿಡಮ್ಮ ಇನ್ನೊಂದ್ ವರ್ಷ, ಅವಸರ ಏನಿದೆ" ಅಂದರು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಇತ್ತು. ತೆಗೆಸಿದ ಮೇಲೆ ಮತ್ತೆ ಬಂದರೆ? ಪೋರ್ಟ್ ಇರುವಷ್ಟು ದಿನ ನಾನು ಚಿಕಿತ್ಸೆಯಲ್ಲಿದ್ದೇನೆ, ಯಾರೋ ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಧೈರ್ಯ ಅದು. ಡಾಕ್ಟರ ಹತ್ತಿರ ಇದನ್ನೇ ನೇರವಾಗಿ ಕೇಳಿದೆ. "ಪೋರ್ಟ್ ಇದ್ದರೆ ಕಾಯಿಲೆ ಬರುವುದು ತಪ್ಪುವುದಿಲ್ಲ, ತೆಗೆದಿದ್ದಕ್ಕೇ ಅದು ಬರುವುದೂ ಇಲ್ಲಮ್ಮ. ಬೇಕಾದರೆ ಇನ್ನೊಂದು ಹಾಕಬಹುದು. ಸುಮ್ನೆ ಇಟ್ಟುಕೊಂಡರೆ ಸೋಂಕು, ಹೆಪ್ಪು ಇದರದ್ದೇ ಅಪಾಯ" ಅಂದರು. ಅತ್ತೆಗೂ ಹಾಗೇ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ನಿನ್ನೆ ಹೊರಡುವಾಗ ಹಣೆಗೆ ಕುಂಕುಮ ಇಟ್ಟು ಅವರೇ ಬಾಗಿಲವರೆಗೆ ಬಂದರು.

ಥಿಯೇಟರಿನಲ್ಲಿ ಎಲ್ಲ ಸೇರಿ ಅರ್ಧ ಗಂಟೆ ಇರಬಹುದು. ಪ್ರಜ್ಞೆ ತಪ್ಪಿಸುವುದಿಲ್ಲ. ಮುಖ ಎಡಕ್ಕೆ ತಿರುಗಿಸಿ ಹಸಿರು ಬಟ್ಟೆ ಮುಚ್ಚಿದರು. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುವಾಗ ಚುರುಚುರು ಉರಿಯುತ್ತದೆ, ನಿಜ ಹೇಳಬೇಕೆಂದರೆ ನೋವು ಅಂತ ಆಗಿದ್ದು ಅದೊಂದೇ. ಹಳೇ ಗಾಯದ ಗೆರೆಯ ಮೇಲೇ ಕೊಯ್ದರು. ಇಷ್ಟು ದಿನದಲ್ಲಿ ಡಬ್ಬಿಯ ಸುತ್ತ ದೇಹ ತನ್ನದೇ ಒಂದು ಪೊರೆ ಕಟ್ಟಿಕೊಂಡಿರುತ್ತದೆ, ಅದನ್ನು ಬಿಡಿಸಬೇಕು. ಒಣ ನೆಲದಿಂದ ಗರಿಕೆ ಬೇರು ಕೀಳುವ ಹಾಗೆ ಎಳೆತ ಗೊತ್ತಾಗುತ್ತದೆ, ನೋವಿಲ್ಲ. ಆಮೇಲೆ "ಉಸಿರು ಹಿಡ್ಕೊಳ್ಳಿ ಮೇಡಂ" ಅಂದರು. ಟ್ಯೂಬ್ ಹೊರಗೆ ಬರುವಾಗ ರಕ್ತನಾಳದೊಳಗೆ ಗಾಳಿ ಹೋಗಬಾರದು ಅಂತ ಹಾಗೆ ಮಾಡಿಸುತ್ತಾರೆ. ಟ್ಯೂಬ್ ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ. ಕತ್ತಿನ ಹತ್ತಿರ ಒಂದಷ್ಟು ಹೊತ್ತು ಬೆರಳಿಂದ ಒತ್ತಿ ಹಿಡಿದರು. ಒಳಗೆ ಕರಗುವ ಹೊಲಿಗೆ, ಮೇಲೆ ಪ್ಲಾಸ್ಟರ್.

ತೋರಿಸಿ ಅಂತ ಕೇಳಿದೆ. ಸಿಸ್ಟರ್ ಟ್ರೇಯಲ್ಲಿ ಇಟ್ಟು ತಂದರು. ಇಷ್ಟು ಚಿಕ್ಕದಾ ಅನ್ನಿಸಿತು. ಸಿಲಿಕೋನ್ ಮೇಲೆ ಸೂಜಿಯ ಗುರುತುಗಳು. ಅಷ್ಟೂ ಔಷಧ ನನ್ನ ಮೈಗೆ ಇಳಿದಿದ್ದು ಅಲ್ಲಿಂದ. ಅಳು ಬಂತು, ತಡೆಯಲಿಲ್ಲ. ಸಿಸ್ಟರ್ ನನ್ನ ಬಲಗೈ ಹಿಡಿದುಕೊಂಡು ನಿಂತರು.

ಹೊರಗೆ ಡೇ ಕೇರ್ ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸು ತಿಪಟೂರು ಕಡೆಯವರು, ಇನ್ನೂ ಎರಡನೇ ಕೀಮೋ. ಆಗಲೇ ಅವರ ನರ ಕಪ್ಪಾಗಿತ್ತು. ನನ್ನ ಪ್ಲಾಸ್ಟರ್ ನೋಡಿ "ಅದೇನಕ್ಕ?" ಅಂದರು. ಎಲ್ಲ ಹೇಳಿದೆ, ಹಾಕಿದ ದಿನದಿಂದ ಇವತ್ತಿನವರೆಗೆ. ಅವರ ಗಂಡ ಮೊಬೈಲಿನಲ್ಲಿ ಬರೆದುಕೊಂಡರು. ಸರಕಾರಿ ಯೋಜನೆಯ ಕಾರ್ಡಿನಲ್ಲಿ ಪೋರ್ಟಿನ ಖರ್ಚು ಬರುತ್ತದಾ ಅಂತ ವಿಚಾರಿಸಲು ಕೌಂಟರಿಗೆ ಹೋದರು. ನಾವು ಹೊರಡುವವರೆಗೂ ಅವರು ವಾಪಸ್ ಬಂದಿರಲಿಲ್ಲ, ಹಾಗಾಗಿ ನಂಬರ್ ಕೊಟ್ಟು ಬಂದಿದ್ದೇನೆ.

ಅಕ್ಕ ಹಿದಕಬೇಳೆ ಸಾರು ಮಾಡಿದ್ದಳು, ಎರಡು ಸಲ ಹಾಕಿಸಿಕೊಂಡೆ. ಗಾಯ ಒದ್ದೆ ಮಾಡಬಾರದು, ಒಂದು ವಾರ ಭಾರ ಎತ್ತಬಾರದು. ಮುಂದಿನ ಗುರುವಾರ ಗಾಯ ತೋರಿಸಬೇಕು, ಮ್ಯಾಮೊಗ್ರಾಂ ಇನ್ನೂ ಬಾಕಿ ಇದೆ. ಕಾಯಿಲೆ ಮತ್ತೆ ಬರದಿರಲಿ ಅಂತ ಕೊಟ್ಟ ಟ್ಯಾಮೊಕ್ಸಿಫೆನ್ ಮಾತ್ರೆ ವರ್ಷಗಟ್ಟಲೆ ಇದೆ, ಇವತ್ತಿನದು ಈಗ ತಗೊಳ್ಳಬೇಕು. ತಿಪಟೂರಿನವರಿಗೆ ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ.